ತೂಟಂಗಳಕ್ಕೆ ಕಳೆನಾಶಕ ಬೇಡ: ಹಿರಿಯರ ಎಲೆ, ಮಳೆಗಾಲದ ಸೊಪ್ಪು, ನಿಮ್ಮ ಊರಿನ ಪದ್ಧತಿ ಹೇಳಿ

ನಾಪೋಕ್ಲು ಕಡೆಯವಳು

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಜೊತೆಗೆ ಮನಸ್ಸಿನಲ್ಲಿರುವುದನ್ನೂ ಹೇಳಿಕೊಳ್ಳಬೇಕಿತ್ತು.

ನಮ್ಮ ಒಕ್ಕದ (ಮನೆತನದ) ತೂಟಂಗಳ ಗದ್ದೆಗೂ ಕಾಫಿ ತೋಟಕ್ಕೂ ನಡುವೆ ಇದೆ. ಕೊಡಗಿನ ಹೊರಗಿನವರು ಓದುತ್ತಿದ್ದರೆ ಅಂತ ಹೇಳುತ್ತೇನೆ, ಅದು ನಮ್ಮ ಹಿರಿಯರ ಸ್ಮಶಾನ. ದೊಡ್ಡವರನ್ನು ಸುಡುತ್ತಿದ್ದರು, ಚಿಕ್ಕ ಮಕ್ಕಳನ್ನು ಹೂಳುತ್ತಿದ್ದರು. ಹಳೆಯ ಎಷ್ಟೋ ಸಮಾಧಿಗಳಿಗೆ ಕಲ್ಲೂ ಇಲ್ಲ, ಹೆಸರೂ ಇಲ್ಲ. ಎಲ್ಲಿ ಯಾರಿದ್ದಾರೆ ಅಂತ ಹೇಳುತ್ತಿದ್ದ ತಲೆಮಾರೂ ಈಗ ಅಲ್ಲೇ ಮಲಗಿದೆ.

ಮಳೆ ಶುರುವಾದರೆ ಅಲ್ಲಿ ಕಾಡು ಎದೆಮಟ್ಟ ಬೆಳೆಯುತ್ತದೆ. ಮೊದಲೆಲ್ಲ ವರ್ಷಕ್ಕೊಮ್ಮೆ ಎಲ್ಲರೂ ಕತ್ತಿ ಹಿಡಿದು ಬರುತ್ತಿದ್ದರು. ಬೆಳಿಗ್ಗೆ ಕಾಡು ಕಡಿದು, ಮಧ್ಯಾಹ್ನ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಒಟ್ಟಿಗೆ ಊಟ. ಈಗ ಅರ್ಧ ಮನೆಯವರು ಬೆಂಗಳೂರು, ಮೈಸೂರಿನಲ್ಲಿದ್ದಾರೆ. ಕೆಲಸಕ್ಕೆ ಆಳು ಸಿಗುವುದಿಲ್ಲ. ಈ ಸಲ ಒಂದಿಬ್ಬರು "ಕಳೆನಾಶಕ ಹೊಡೆದುಬಿಡೋಣ, ಒಂದೇ ದಿನದ ಕೆಲಸ" ಅಂದರು. ನನಗೆ ಅದು ಸ್ವಲ್ಪವೂ ಒಪ್ಪಿಗೆಯಿಲ್ಲ.

ಆ ಜಾಗದ ಬೇಲಿ ಸಾಲಿನಲ್ಲಿ ಮಳೆಗಾಲದ ಪಾಯಸಕ್ಕೆ ಬಳಸುವ ಮದ್ದು ಸೊಪ್ಪು ಇದೆ. ಕೆಳಗೆ ತೋಡಿನ (ಸಣ್ಣ ಹಳ್ಳದ) ಪಕ್ಕ ತೆರ್ಮೆ ಅನ್ನುವ ಜರಿಗಿಡ, ಕೆಸು, ಒಂದೆಲಗ. ಒಳಗಿಂದ ನಾವು ಏನನ್ನೂ ಕೀಳುವುದಿಲ್ಲ. ಆದರೆ ಅಲ್ಲಿ ಬಿದ್ದ ಮಳೆ ನೀರು ಇಳಿದು ಬರುವುದು ನಮ್ಮ ಗದ್ದೆಗೇ. ಅಲ್ಲಿ ನಾವು ಸೊಪ್ಪು ಕೊಯ್ಯುತ್ತೇವೆ, ಏಡಿ ಹಿಡಿಯುತ್ತೇವೆ. ಹಿರಿಯರಿಗೆ ಎಡೆ ಕೊಡುವ ಕಾರಣಂಗ್ ಕೊಡ್ಪ ದಿನ ಅವರ ಗುಡಿಯಾದ ಕೈಮಡದ ಮುಂದೆ ಮೀದಿ (ಎಡೆ) ಇಡುತ್ತೇವಲ್ಲ, ಆ ಎಲೆಯ ಮೇಲೆ ಅವರು ಬದುಕಿದ್ದಾಗ ತಿಂದದ್ದನ್ನೇ ಬಡಿಸುತ್ತೇವೆ. ಅವರು ಮಲಗಿರುವ ನೆಲಕ್ಕೆ ವಿಷ ಹೊಡೆದು, ಆಮೇಲೆ ಅವರಿಗೆ ಎಲೆ ಇಡುವುದು ಹೇಗೆ?

ನಿಮ್ಮ ಊರಿನಲ್ಲಿ ಹೇಗೆ ಚೊಕ್ಕಟ ಮಾಡುತ್ತೀರಿ? ಅಲ್ಲಿ ಬೆಳೆದದ್ದನ್ನು ತಿನ್ನುವ ಬಗ್ಗೆ ಹಿರಿಯರು ಏನು ಹೇಳುತ್ತಾರೆ? ಎಲೆಗೆ ಏನೇನು ಬಡಿಸುತ್ತೀರಿ? ಯಾವ ಜಾತಿ, ಯಾವ ಧರ್ಮದವರಾದರೂ ಬರೆಯಿರಿ. ಕೊಡಗಿನಲ್ಲಿ ಎಲ್ಲರ ಹಿರಿಯರೂ ಒಂದೇ ಮಳೆಯಲ್ಲಿ ನೆನೆಯುತ್ತಿದ್ದಾರೆ.

---

ಹಳೇ ಐನ್‌ಮನೆ

ಮಗಳೇ, ಸರಿಯಾಗಿ ಹೇಳಿದ್ದೀಯ. ನಮ್ಮ ಕಡೆ ನಿಯಮ ಗಟ್ಟಿ. ತೂಟಂಗಳದಿಂದ ಒಂದು ಕಡ್ಡಿಯನ್ನೂ ಮನೆಗೆ ತರಬಾರದು. ಸೌದೆಗೂ ಇಲ್ಲ. ಅಲ್ಲಿನ ಮಾವಿನ ಮರದ ಹಣ್ಣು ಬಿದ್ದು ಕೊಳೆತರೂ ಯಾರೂ ಮುಟ್ಟುತ್ತಿರಲಿಲ್ಲ. ಹಕ್ಕಿ, ಮಂಗ, ಬಾವಲಿ ತಿನ್ನಲಿ ಅಂತ ಬಿಡುತ್ತಿದ್ದರು. ದೇವರಕಾಡಿಗೂ ಹಾಗೇ ಅಲ್ವಾ? ಕೊಡಗಿನಲ್ಲಿ 1,214 ದೇವರಕಾಡು ಇವೆ ಅಂತ ಲೆಕ್ಕ. ಅವು ಇವತ್ತಿಗೂ ಉಳಿದಿದ್ದರೆ ಈ ಭಯಭಕ್ತಿಯಿಂದಲೇ. ಒತ್ತುವರಿ ಆದ ಕಡೆ ಮೊದಲು ಹೋದದ್ದು ಭಯ, ಆಮೇಲೆ ಮರ.

ಮೀದಿ ಬಗ್ಗೆ ಕೇಳಿದ್ದೀಯ. ನಮ್ಮಲ್ಲಿ ಬಾಳೆ ಎಲೆಯ ತುದಿ ಬೇಕು, ಹರಿದಿರಬಾರದು. ಅನ್ನ, ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಕೋಳಿ ಕರಿ, ಪಂದಿ (ಹಂದಿ) ಕರಿ. ಪಕ್ಕದಲ್ಲಿ ಒಂದು ಲೋಟ ಕಳ್ಳು, ಇಲ್ಲವಾದರೆ ಸಾರಾಯಿ, ಈಗ ಬ್ರಾಂದಿ. ನನ್ನ ಅಜ್ಜನ ಕಾಲದಲ್ಲಿ ಕಾಡುಹಂದಿ ಇರುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆ ನಿಂತಿತು, ಈಗ ಸಾಕಿದ ಹಂದಿ. ಹಿರಿಯರು ಅದಕ್ಕೆ ಬೇಸರ ಮಾಡಿಕೊಂಡಿಲ್ಲ ಅಂದುಕೊಂಡಿದ್ದೇನೆ. ಆದರೆ ಹುಳಿಗೆ ಹಾಕುವ ಕಾಚಂಪುಳಿ ಮಾತ್ರ ಬದಲಾಗಿಲ್ಲ. ಅದಿಲ್ಲದ ಪಂದಿ ಕರಿಯನ್ನು ನಮ್ಮ ಮನೆಯಲ್ಲಿ ಎಲೆಗೆ ಹಾಕುವುದಿಲ್ಲ.

ಕಾಚಂಪುಳಿ ಮಾಡುವುದು ಈಗಿನವರಿಗೆ ಮರೆತೇ ಹೋಗುತ್ತಿದೆ, ಅದಕ್ಕೆ ಬರೆಯುತ್ತೇನೆ. ಮಳೆಗಾಲದಲ್ಲಿ ಪಣಂಪುಳಿ ಅನ್ನುವ ಹುಳಿ ಕಾಯಿ ಹಣ್ಣಾಗಿ ಬೀಳುತ್ತದೆ. ಅದನ್ನು ಆಯ್ದು ಬುಟ್ಟಿಗೆ ತುಂಬಿ, ಕೆಳಗೆ ಮಡಕೆ ಇಡಬೇಕು. ಹಣ್ಣು ಮೆತ್ತಗಾಗಿ ರಸ ತಾನಾಗಿ ತೊಟ್ಟಿಕ್ಕುತ್ತದೆ. ಆ ರಸವನ್ನು ಕಾಯಿಸಿ ಕಾಯಿಸಿ ಕಪ್ಪಾಗಿ ಮಂದ ಮಾಡುವುದು. ವರ್ಷಗಟ್ಟಲೆ ಕೆಡುವುದಿಲ್ಲ. ಮಾಂಸಕ್ಕೆ ಕೊನೆಯಲ್ಲಿ ಒಂದು ಚಮಚ ಸಾಕು. ಅಂಗಡಿಯಲ್ಲಿ ಕಾಚಂಪುಳಿ ಅಂತ ಸಿಗುವ ಕೆಲವು ಬಾಟಲಿಗಳಲ್ಲಿ ಬರೀ ವಿನೆಗರ್ ವಾಸನೆ. ಮೂಸಿ ನೋಡಿ ತನ್ನಿ.

---

ಕಾಫಿ ತೋಟದವ

ಕಳೆನಾಶಕದ ಮಾತು ಎತ್ತಿದವರನ್ನು ಕೆಟ್ಟವರು ಅಂದುಕೊಳ್ಳಬೇಡಿ. ನಾನೂ ನಮ್ಮ ಒಕ್ಕದಲ್ಲಿ ಅದನ್ನೇ ಹೇಳಿದ್ದೆ. ಎಪ್ಪತ್ತು ದಾಟಿದವರು ಆ ಇಳಿಜಾರಿನಲ್ಲಿ ಕತ್ತಿ ಹಿಡಿದು ನಿಲ್ಲುವುದನ್ನು ನೋಡಲಾಗಲಿಲ್ಲ. ಜಿಗಣೆ, ಹಾವು, ಜಾರಿಕೆ. ಸಾವಾದ ದಿನ ಶವ ಹೊತ್ತುಕೊಂಡು ಬರುವಾಗ ದಾರಿಯೇ ಇಲ್ಲದಿದ್ದರೆ ಅದಕ್ಕಿಂತ ಅವಮಾನ ಇಲ್ಲ. ಸಾವಿನ ಸುದ್ದಿ ಸಾರುವ ಎರಡು ಗುಂಡಿನ ಸದ್ದು ಕೇಳಿದ ಮೇಲೆ ಕಾಡು ಕಡಿಯಲು ಓಡುವುದು ಸರಿಯಾ? ಅದಕ್ಕೆ ಬೇರೆ ದಾರಿ ಹೇಳಿ, ನಾನು ಕೇಳುತ್ತೇನೆ.

---

ಸಸ್ಯಶಾಸ್ತ್ರ ಮೇಷ್ಟ್ರು, ಗೋಣಿಕೊಪ್ಪ

ತೋಟದಣ್ಣ, ನಿಮ್ಮ ಕಷ್ಟ ನಿಜವಾದದ್ದು. ಆದರೂ ಔಷಧಿ ಬೇಡ ಅನ್ನುವುದಕ್ಕೆ ಕಾರಣ ಹೇಳುತ್ತೇನೆ.

ನಮ್ಮ ಕಡೆ ಜಾಸ್ತಿ ಹೊಡೆಯುವುದು ಗ್ಲೈಫೋಸೇಟ್. ಅದು ಎಲೆಯ ಮೂಲಕ ಒಳಹೋಗಿ ಬೇರಿನ ತನಕ ಇಳಿಯುತ್ತದೆ. ಕಳೆ, ಸೊಪ್ಪು ಅಂತ ನೋಡುವುದಿಲ್ಲ. ತೆರ್ಮೆ, ಒಂದೆಲಗ, ಮದ್ದು ಸೊಪ್ಪು ಎಲ್ಲವೂ ಹೋಗುತ್ತವೆ. ಖಾಲಿಯಾದ ನೆಲಕ್ಕೆ ಮೊದಲು ಬರುವುದು ಯಾವುದು? ಲಂಟಾನ, ಕಮ್ಯುನಿಸ್ಟ್ ಗಿಡ. ಅಂದರೆ ಮುಂದಿನ ವರ್ಷ ಕಡಿಯುವ ಕೆಲಸ ಇನ್ನೂ ಕಷ್ಟ. ಬೇರು ಸತ್ತ ಇಳಿಜಾರಿನಲ್ಲಿ ಮಣ್ಣು ನಿಲ್ಲುವುದೂ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ ನಮಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಬಳಕೆಗೆ ನಿರ್ಬಂಧ ಹಾಕಿತು. ಪರವಾನಗಿ ಇರುವ ಕೀಟ ನಿಯಂತ್ರಣದವರು ಮಾತ್ರ ಬಳಸಬೇಕು ಅಂತ ಆದೇಶ. ಪ್ಯಾರಾಕ್ವಾಟ್ ಅನ್ನುವ ಇನ್ನೊಂದು ಕಳೆನಾಶಕ ಇದಕ್ಕಿಂತ ಭಯಂಕರ. ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಅಂಥದ್ದನ್ನು ಜನ ಸೊಪ್ಪು ಕೊಯ್ಯುವ ತೋಡಿನ ಮೇಲ್ಗಡೆ ಹೊಡೆಯುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಸ್ಮಶಾನದ ಅಣಬೆ ತಿನ್ನಬಾರದು ಅಂತ ಹಿರಿಯರು ಹೇಳುವುದಕ್ಕೂ ಒಳ್ಳೆಯ ಆಧಾರ ಇದೆ. ಅಣಬೆ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂ ಥರದ ಲೋಹಗಳನ್ನು ಹೀರಿ ತನ್ನೊಳಗೆ ಇಟ್ಟುಕೊಳ್ಳುತ್ತದೆ. ತೋಟದ ಅಂಚಿನಲ್ಲಾದರೆ ಗಿಡಗಳ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವೂ ಇರುತ್ತದೆ. ಹುತ್ತದ ಮೇಲೆ ಏಳುವ ಅಣಬೆ ಎಷ್ಟು ರುಚಿ ಅಂತ ನನಗೂ ಗೊತ್ತು, ಕುಮ್ಮು (ಅಣಬೆ) ಕರಿ ಇಲ್ಲದ ಮಳೆಗಾಲ ನನಗೆ ಮಳೆಗಾಲವೇ ಅಲ್ಲ. ಆದರೆ ಅದನ್ನು ಗೊತ್ತಿರುವ ಹುತ್ತದಿಂದ, ಗೊತ್ತಿರುವವರು ತಂದರೆ ಮಾತ್ರ ತಿನ್ನಿ. ಬೆಳ್ಳಿ ನಾಣ್ಯ ಹಾಕಿ ಕುದಿಸಿದರೆ ವಿಷ ಗೊತ್ತಾಗುತ್ತದೆ, ಬೆಳ್ಳುಳ್ಳಿ ಕಪ್ಪಾಗುತ್ತದೆ ಅನ್ನುವ ಮಾತೆಲ್ಲ ಸುಳ್ಳು. ಕೊಲ್ಲುವ ಅಣಬೆಯ ವಿಷ ಕುದಿಸಿದರೂ ಹೋಗುವುದಿಲ್ಲ. ವಾಂತಿ ಭೇದಿ ಶುರುವಾಗಲು ಆರು ಗಂಟೆಯಿಂದ ಒಂದು ದಿನದ ತನಕ ಹಿಡಿಯಬಹುದು. ನಡುವೆ ಸ್ವಲ್ಪ ಗುಣವಾದಂತೆಯೂ ಕಾಣುತ್ತದೆ. ಅಷ್ಟರಲ್ಲಿ ಯಕೃತ್ತು ಹಾಳಾಗಿರುತ್ತದೆ. ಅನುಮಾನ ಬಂದ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಮಿಕ್ಕ ಅಣಬೆಯನ್ನೂ ಕೈಯಲ್ಲಿ ಹಿಡಿದುಕೊಂಡು.

---

ವಿರಾಜಪೇಟೆ ಇಗರ್ಜಿ ಬೀದಿ

ನಮ್ಮದು ಕೊಂಕಣಿ ಮನೆ. ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿ (ಚರ್ಚ್) 1792ರಷ್ಟು ಹಳೆಯದು. ದೊಡ್ಡವೀರರಾಜೇಂದ್ರ ಅರಸರು ಜಾಗ ಕೊಟ್ಟು ನಮ್ಮ ಹಿರಿಯರನ್ನು ನೆಲೆ ನಿಲ್ಲಿಸಿದರು. ಪೇಟೆಯೂ ಅದೇ ಕಾಲದ್ದು.

ನವೆಂಬರ್ 2 ಬಂತೆಂದರೆ ಸಿಮಿತ್ರಿಯಲ್ಲಿ (ನಮ್ಮ ಸ್ಮಶಾನದಲ್ಲಿ) ಸತ್ತವರ ಹಬ್ಬ. ಅದಕ್ಕೂ ಮೊದಲೇ ಒಂದೊಂದು ಕುಟುಂಬ ತಮ್ಮ ತಮ್ಮ ಸಮಾಧಿ ಚೊಕ್ಕ ಮಾಡುತ್ತದೆ. ಪಾಚಿ ಉಜ್ಜುವುದು, ಹುಲ್ಲು ಕೀಳುವುದು, ಸುಣ್ಣ ಬಳಿಯುವುದು. ನೋಡಿಕೊಳ್ಳುವವರು ಯಾರೂ ಇಲ್ಲದ ಸಮಾಧಿಗಳನ್ನು ಯುವಕ ಸಂಘದವರು ಮಾಡುತ್ತಾರೆ. ಆ ಸಂಜೆ ಪಾದ್ರಿಗಳು ಸಮಾಧಿಗಳ ಮೇಲೆ ತೀರ್ಥ ಚಿಮುಕಿಸುತ್ತಾರೆ, ನಾವು ಮೇಣದಬತ್ತಿ ಹಚ್ಚಿ ನಿಲ್ಲುತ್ತೇವೆ. ಅಲ್ಲಿ ಊಟ ಇಡುವ ಪದ್ಧತಿ ಇಲ್ಲ. ಮನೆಯಲ್ಲಿ ಅಮ್ಮ ಮಾತ್ರ ಅಪ್ಪನಿಗೆ ಇಷ್ಟ ಅಂತ ಆ ದಿನ ಬಿದಿರು ಕಣಿಲೆ ಉಪ್ಪಿನಕಾಯಿಯ ಬಾಟಲಿ ತೆಗೆಯುತ್ತಾರೆ. ಮಳೆಗಾಲದಲ್ಲಿ ಹಾಕಿಟ್ಟದ್ದು. ಅಪ್ಪ ಹೋದಮೇಲೂ ಅದು ತಪ್ಪಿಲ್ಲ.

ತೋಟದಣ್ಣನಿಗೆ ನನ್ನ ಸಲಹೆ: ಇಡೀ ಜಾಗವನ್ನು ಒಂದೇ ದಿನ ಮಾಡಬೇಡಿ. ಮನೆಗೊಂದು ತುಂಡು ಅಂತ ಹಂಚಿ. ದೂರದಲ್ಲಿರುವವರು ದಸರಾ ರಜೆಗೋ ದೀಪಾವಳಿಗೋ ಬಂದಾಗ ತಮ್ಮ ಪಾಲು ಮುಗಿಸಲಿ.

---

ಎಮ್ಮೆಮಾಡು ಹುಡುಗ

ಅಕ್ಕ, ನಮ್ಮ ಖಬರಸ್ತಾನದಲ್ಲಿ ಹಸಿರು ಗಿಡ ಕೀಳಬಾರದು ಅಂತಲೇ ಉಸ್ತಾದರು ಹೇಳುತ್ತಾರೆ. ಸಮಾಧಿಯ ಮೇಲಿನ ಹಸಿ ಗಿಡ ಅಲ್ಲಾಹನ ಸ್ತುತಿ ಮಾಡುತ್ತಿರುತ್ತದೆ, ಅದರಿಂದ ಒಳಗಿರುವವರಿಗೆ ಸಮಾಧಾನ ಅಂತ ನಂಬಿಕೆ. ಒಣಗಿದ್ದನ್ನು ತೆಗೆಯಬಹುದು, ನಡೆಯುವ ದಾರಿಯನ್ನು ಬಿಡಿಸಿಕೊಳ್ಳಬಹುದು. ಮಲಬಾರ್ ಕಡೆಯ ನೆಂಟರು ಸಮಾಧಿಯ ತಲೆಯ ಹತ್ತಿರ ಮೈಲಾಂಚಿ (ಮದರಂಗಿ) ಗಿಡ ನೆಡುತ್ತಾರೆ. ಔಷಧಿ ಹೊಡೆಯುವ ಮಾತನ್ನು ನಮ್ಮಲ್ಲಿ ಯಾರೂ ಎತ್ತುವುದೇ ಇಲ್ಲ.

ಊಟದ ಮಾತು ಬಂದರೆ ನಮ್ಮ ಊರಿನ ಉರೂಸ್ ಹೇಳದೆ ಇರುವುದು ಹೇಗೆ? ಸೂಫಿ ಶಹೀದರ ದರ್ಗಾಕ್ಕೆ ಕೊಡವರು, ಗೌಡರು, ಎಲ್ಲರೂ ಹರಕೆ ತರುತ್ತಾರೆ. ಬಂದವರಿಗೆಲ್ಲ ಅನ್ನದಾನ. ದೊಡ್ಡ ಚೆಂಬುಗಳಲ್ಲಿ ಅನ್ನ ಬೇಯುವಾಗ ಸೌದೆ ಹೊಗೆ ಊರೆಲ್ಲ ತುಂಬುತ್ತದೆ. ನಮ್ಮ ಉಪ್ಪ (ಅಪ್ಪ) ಸೌದೆ ಹೊರುತ್ತಿದ್ದರು, ಈಗ ನಾನು ಹೊರುತ್ತೇನೆ. ಸತ್ತವರ ಹೆಸರಿನಲ್ಲಿ ಬದುಕಿರುವವರು ಹೊಟ್ಟೆ ತುಂಬಾ ಉಣ್ಣುವುದು ನೋಡಿದರೆ ನನಗೆ ತುಂಬಾ ಸಂತೋಷ ಆಗುತ್ತದೆ.

---

ಮಡಿಕೇರಿ ಮಂಜು

ಕೊಡಗಿನ ಅರಸರ ಸಮಾಧಿಯಾದ ಗದ್ದಿಗೆಯ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಮಡಿಕೇರಿಯ ಈ ಗುಮ್ಮಟಗಳನ್ನು ಪ್ರವಾಸಿಗರು ಬರೀ ಫೋಟೋ ತೆಗೆದು ಹೋಗುತ್ತಾರೆ. ಅಲ್ಲಿ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರ ಅರಸರು ತಮ್ಮ ರಾಣಿಯರ ಜೊತೆ ಮಲಗಿದ್ದಾರೆ. ಲಿಂಗರಾಜೇಂದ್ರರ ಗದ್ದಿಗೆಯನ್ನು ಮಗ ಚಿಕ್ಕವೀರರಾಜೇಂದ್ರ 1820ರಲ್ಲಿ ಕಟ್ಟಿಸಿದ. ರಾಜಗುರು ರುದ್ರಪ್ಪನವರದು 1834ರದ್ದು, ಅಂದರೆ ರಾಜ್ಯ ಬ್ರಿಟಿಷರ ಕೈಗೆ ಹೋದ ವರ್ಷ. ಹತ್ತಿರದಲ್ಲೇ ಟಿಪ್ಪುವಿನ ವಿರುದ್ಧ ಹೋರಾಡಿ ಮಡಿದ ಬಿದ್ದಂಡ ಬೋಪು ಮತ್ತು ಅವರ ಮಗ ಬಿದ್ದಂಡ ಸೋಮಯ್ಯನವರ ಸಮಾಧಿ. ಲಿಂಗಾಯತ ಅರಸರು, ಕೊಡವ ಸೇನಾನಿಗಳು. ಒಬ್ಬರ ಪೂಜೆಗೆ ಬಿಲ್ವಪತ್ರೆ, ಇನ್ನೊಬ್ಬರ ವಂಶದವರು ಹಿರಿಯರಿಗೆ ಇಡುವುದು ಮಾಂಸ, ಕಳ್ಳು. ಎರಡೂ ಒಂದೇ ಗುಡ್ಡದ ಮೇಲೆ ಜಗಳ ಇಲ್ಲದೆ ಇವೆ. ಈ ಮಾತು ನನಗೆ ಬಹಳ ದೊಡ್ಡದು ಅನ್ನಿಸುತ್ತದೆ.

ಆ ಗುಡ್ಡದಲ್ಲಿ ಮಳೆಗಾಲದಲ್ಲಿ ಸೊಪ್ಪು ಕೊಯ್ಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅದು ಸರ್ಕಾರ ಕಾಪಾಡುವ ಸ್ಮಾರಕ. ಗೋಡೆಯ ಸಂದಿಯಲ್ಲಿ ಬೆಳೆದ ಗಿಡವನ್ನು ಎಳೆದರೆ ಗಾರೆಯೂ ಕಿತ್ತು ಬರುತ್ತದೆ.

---

ತಿತಿಮತಿ ಕಾಡಂಚು

ನಾನು ಜೇನುಕುರುಬರ ಹುಡುಗಿ. ಇಲ್ಲಿ ಎಲ್ಲರೂ ತಮ್ಮ ಸ್ಮಶಾನಕ್ಕೆ ಹೋಗಿ ಬರುವ ಮಾತು ಬರೆದಿದ್ದೀರಿ. ಓದುತ್ತಾ ಹೊಟ್ಟೆಯಲ್ಲಿ ಸಂಕಟ ಆಯಿತು. ನಮ್ಮ ಹಿರಿಯರು ನಾಗರಹೊಳೆ ಕಾಡಿನೊಳಗೆ ಇದ್ದಾರೆ. ಹಾಡಿ (ನಮ್ಮ ಕಾಡಿನ ಊರು) ಬಿಡಿಸಿ ಹೊರಗೆ ಕಳಿಸಿದಾಗ ನಮ್ಮ ಸಾಮಾನು ತರಲು ಆಯಿತು, ಅವರನ್ನು ತರಲು ಆಗಲಿಲ್ಲ. ಅವರಿಗೆ ಒಂದು ತುಂಡು ಗೆಣಸು, ಒಂದು ಬೆರಳು ಜೇನು ಇಡಬೇಕು ಅಂದರೆ ಗೇಟಿನ ಹತ್ತಿರ ಅನುಮತಿ ಕೇಳಬೇಕು.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಜೇನು, ಬಿದಿರು, ಗೆಡ್ಡೆ ಗೆಣಸು, ಔಷಧಿ ಸೊಪ್ಪು ಎಲ್ಲವೂ ನಮ್ಮ ಹಕ್ಕು ಅಂತ ಬರೆದಿದೆ. ಕಾಗದದಲ್ಲಿ ಇರುವುದು ಹಾಡಿಗೆ ಬರಲು ಇನ್ನೂ ನಡೆದಾಡುತ್ತಲೇ ಇದ್ದೇವೆ.

ಅಣ್ಣಂದಿರೇ, ಅಕ್ಕಂದಿರೇ, ಕಾಡಿನಿಂದ ತಿನ್ನುವುದು ಅಂದರೆ ಬಾಚಿಕೊಂಡು ಬರುವುದಲ್ಲ. ನಮ್ಮ ಅಜ್ಜಿ ಗೆಣಸು ಅಗೆದರೆ ಬಳ್ಳಿಯ ಬುಡದ ತಲೆಯನ್ನು ಮತ್ತೆ ಅದೇ ಗುಂಡಿಯಲ್ಲಿ ಇಟ್ಟು ಮಣ್ಣು ಮುಚ್ಚುತ್ತಿದ್ದರು. ಮುಂದಿನ ವರ್ಷ ಅಲ್ಲೇ ಮತ್ತೆ ಗೆಣಸು. ಜೇನು ತೆಗೆದರೆ ಮರಿ ಇರುವ ಎರಿಯ ಕಡೆ ಬಿಟ್ಟು ತೆಗೆಯುತ್ತಾರೆ. ಮೊದಲ ತುಂಡು ಕಾಡಿಗೆ, ಹಿರಿಯರಿಗೆ. ಆಮೇಲೆ ಮಕ್ಕಳಿಗೆ. ನಿಮ್ಮ ತೂಟಂಗಳಕ್ಕೆ ವಿಷ ಬೇಡ ಅನ್ನುವವರ ಕಡೆ ನಾನಿದ್ದೇನೆ. ಹಿರಿಯರ ಹತ್ತಿರ ಹೋಗಿ ನಿಲ್ಲಲು ದಾರಿ ಇರುವವರು ಆ ದಾರಿಯನ್ನು ಚೆನ್ನಾಗಿ ಇಟ್ಟುಕೊಳ್ಳಿ.

---

ನಾಪೋಕ್ಲು ಕಡೆಯವಳು

ತಂಗಿ, ನಿನ್ನ ಮಾತು ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ನಮ್ಮ ತೋಟಗಳಲ್ಲಿ ತಲೆಮಾರುಗಳಿಂದ ದುಡಿದವರು ಎರವರು, ಕುರುಬರು. ಅವರ ಹಿರಿಯರನ್ನು ಎಷ್ಟೋ ಕಡೆ ತೋಟದ ಮೂಲೆಯಲ್ಲಿ, ಯಾರದೋ ಜಾಗದಲ್ಲಿ ಹೂತಿದ್ದಾರೆ. ತೋಟ ಕೈ ಬದಲಾದರೆ ಆ ಜಾಗದ ಮೇಲೆ ಕಾಫಿ ಗಿಡ ಬರುತ್ತದೆ. ನಮ್ಮ ಒಕ್ಕದ ಸಭೆಯಲ್ಲಿ ಈ ವಿಷಯವನ್ನೂ ಎತ್ತುತ್ತೇನೆ. ನಮ್ಮ ತೋಟದ ಮೂಲೆಯಲ್ಲಿ ಅಂಥ ಜಾಗ ಇದೆ. ಅದಕ್ಕೆ ಬೇಲಿ, ದಾರಿ ಎರಡೂ ಆಗಬೇಕು. ಯಾವ ದಿನ ಬೇಕಾದರೂ ಅವರು ಬಂದು ಹೋಗುವಂತಿರಬೇಕು.

---

ಬೆಂಗಳೂರಲ್ಲಿರೋ ಅಮ್ಮತ್ತಿ ಹುಡುಗಿ

ವಿಷಯಕ್ಕೆ ಸ್ವಲ್ಪ ಪಕ್ಕದ ಪ್ರಶ್ನೆ, ಬೇಸರ ಮಾಡ್ಕೋಬೇಡಿ. ಕಕ್ಕಡ ತಿಂಗಳ 18ಕ್ಕೆ ನಮ್ಮ ತಾಯಿ ಮಾಡುತ್ತಿದ್ದ ಮದ್ದು ಪಾಯಸ ನಾನೇ ಮಾಡಬೇಕು ಅಂತ ಆಸೆ. (ನಮ್ಮ ಮನೆಯಲ್ಲಿ ಅಜ್ಜಿಯನ್ನು ತಾಯಿ ಅಂತಲೇ ಕರೆಯುವುದು.) ಅವರು ಹೋಗಿ ಇದು ಮೊದಲ ಕಕ್ಕಡ. ಅಳತೆ ಯಾರೂ ಬರೆದಿಟ್ಟಿಲ್ಲ. ಸೊಪ್ಪು ಊರಿಂದ ಬಸ್ಸಿನಲ್ಲಿ ಬರುತ್ತದೆ. ಹೇಗೆ ಮಾಡೋದು?

---

ಹಳೇ ಐನ್‌ಮನೆ

ಪಕ್ಕದ ಪ್ರಶ್ನೆ ಅಲ್ಲ ಮಗಳೇ, ಇದೇ ವಿಷಯ. ಬರೆದುಕೋ.

ಕಕ್ಕಡ 18 ಅಂದರೆ ಆಗಸ್ಟ್ 3. ಆ ದಿನ ಸೊಪ್ಪಿಗೆ 18 ಬಗೆಯ ಮದ್ದು ಸೇರಿರುತ್ತದೆ ಅಂತ ಹಿರಿಯರು ಹೇಳುತ್ತಾರೆ. ಅಷ್ಟು ಹೊತ್ತಿಗೆ ನಾಟಿ ಕೆಲಸದಲ್ಲಿ ಮೈ ನೆನೆದು ಸೋತಿರುತ್ತದೆ, ಒಳಗೆ ಬಿಸಿ ಬೇಕಾಗುತ್ತದೆ. ಎಲೆಯ ಜೊತೆ ಎಳೆ ಕಾಂಡವನ್ನೂ ತಗೋ. ಚೆನ್ನಾಗಿ ತೊಳೆದು, ಮುಳುಗುವಷ್ಟು ನೀರು ಹಾಕಿ ಕುದಿಸು. ನೀರು ಕಡು ನೇರಳೆಗೆ ತಿರುಗುತ್ತದೆ, ಮನೆಯೆಲ್ಲ ಆ ಘಮ. ಸೋಸಿ ಆ ನೀರನ್ನು ಮಾತ್ರ ಇಟ್ಟುಕೋ. ಅದರಲ್ಲೇ ಅಕ್ಕಿ ಬೇಯಿಸು. ಒಂದು ಲೋಟ ಅಕ್ಕಿಗೆ ಐದಾರು ಲೋಟ ಮದ್ದು ನೀರು ಬೇಕು. ಅಕ್ಕಿ ಮೆತ್ತಗಾದ ಮೇಲೆ ಬೆಲ್ಲ, ತೆಂಗಿನ ಹಾಲು, ಏಲಕ್ಕಿ, ಚಿಟಿಕೆ ಉಪ್ಪು. ಬೆಲ್ಲವನ್ನು ಮೊದಲೇ ಹಾಕಿದರೆ ಅಕ್ಕಿ ಬೇಯುವುದಿಲ್ಲ. ಪುಟ್ಟು ಬೇಕಿದ್ದರೆ ಅದೇ ನೀರಿಗೆ ಅಕ್ಕಿ ತರಿ ಹಾಕಿ ಗಟ್ಟಿಯಾಗಿ ಬೇಯಿಸಿ, ತಟ್ಟೆಗೆ ಸುರಿದು ತುಂಡು ಮಾಡು. ಜೇನು ತುಪ್ಪದ ಜೊತೆ ಚೆನ್ನ.

ಮರುದಿನ ಮೂತ್ರ ಕೆಂಪಾಗಿ ಹೋದರೆ ಹೆದರಬೇಡ. ಅದು ಸೊಪ್ಪಿನ ಬಣ್ಣ. ಹೊರಗಿನ ಊರಿನ ಗೆಳೆಯರಿಗೆ ಬಡಿಸುವುದಾದರೆ ಮೊದಲೇ ಹೇಳಿಬಿಡು, ಗಾಬರಿಯಾಗುತ್ತಾರೆ.

ಒಂದು ಬಟ್ಟಲು ತಾಯಿಯ ಫೋಟೋ ಮುಂದೆ ಇಡು. ದೀಪ ಹಚ್ಚು. ಬೆಂಗಳೂರಾದರೇನು, ಕೈಮಡ ದೂರವಾದರೇನು, ಕೂಗಿದರೆ ಬರುತ್ತಾರೆ.

---

ಸಸ್ಯಶಾಸ್ತ್ರ ಮೇಷ್ಟ್ರು, ಗೋಣಿಕೊಪ್ಪ

ಅಮ್ಮತ್ತಿ ಮಗಳಿಗೆ ಒಂದು ಮಾತು ಸೇರಿಸುತ್ತೇನೆ. ಸೊಪ್ಪು ಎಲ್ಲಿಂದ ಕೊಯ್ದದ್ದು ಅಂತ ಕೇಳು. ರಸ್ತೆ ಬದಿಯದ್ದು, ಔಷಧಿ ಹೊಡೆದ ತೋಟದ್ದು ಬೇಡ. ಈ ಗಿಡ ಪಶ್ಚಿಮ ಘಟ್ಟದ್ದೇ, ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್. ಕಾಂಡ ನೆಟ್ಟರೂ ಚಿಗುರುತ್ತದೆ. ನೆರಳು, ತೇವ ಇರುವ ಮೂಲೆ ಸಾಕು. ಈ ಸಲ ಬಂದ ಕಟ್ಟಿನಲ್ಲಿ ನಾಲ್ಕು ಗಟ್ಟಿ ಕಾಂಡ ಉಳಿಸಿ ಕುಂಡದಲ್ಲಿ ನೆಡು.

ತೆರ್ಮೆ ಕೊಯ್ಯುವವರಿಗೂ ಹೇಳುತ್ತೇನೆ. ತೋಡಿನ ಪಕ್ಕ ಬೆಳೆಯುವ, ಸುರುಳಿ ಸುತ್ತಿದ ಎಳೆ ಚಿಗುರು ಮಾತ್ರ. ಬಯಲು ಗುಡ್ಡದಲ್ಲಿ ಬೆಳೆಯುವ ಬೇರೆ ಜರಿಗಿಡದಲ್ಲಿ ಕ್ಯಾನ್ಸರ್ ತರುವ ಅಂಶ ಇದೆ, ಅದನ್ನು ಮುಟ್ಟಬೇಡಿ. ತೆರ್ಮೆಯನ್ನೂ ಹಸಿಯಾಗಿ ತಿನ್ನಬಾರದು. ಕಣಿಲೆ ಕತೆಯೂ ಹಾಗೇ. ಹಸಿ ಬಿದಿರು ಕಣಿಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ಅಜ್ಜಿಯರು ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರು ಬದಲಿಸಿ ನೆನೆಸಿಡುತ್ತಿದ್ದುದು ಸುಮ್ನೆ ಅಲ್ಲ. ಆ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿ ಬೈಂಬಳೆ ಕರಿ ಮಾಡಿದರೆ ಭಯ ಇಲ್ಲ.

---

ಲಂಡನ್‌ನಿಂದ, ಊರು ಸೋಮವಾರಪೇಟೆ

ನಾನು ಇಲ್ಲಿ ಕೆಲಸಕ್ಕೆ ಬಂದಿರುವವಳು. ಇಲ್ಲಿನ ಬ್ರಾಂಪ್ಟನ್ ಸ್ಮಶಾನದಲ್ಲಿ ನಮ್ಮ ಗೌರಮ್ಮ ಇದ್ದಾಳೆ. ಚಿಕ್ಕವೀರರಾಜೇಂದ್ರನ ಮಗಳು. ಅಪ್ಪನ ಜೊತೆ ಹುಡುಗಿಯಾಗಿ ಇಂಗ್ಲೆಂಡಿಗೆ ಬಂದಳು. 1852ರಲ್ಲಿ ಕ್ರೈಸ್ತಳಾದಾಗ ವಿಕ್ಟೋರಿಯಾ ರಾಣಿಯೇ ಅವಳಿಗೆ ಧರ್ಮಮಾತೆ. 1864ರಲ್ಲಿ ತೀರಿಕೊಂಡಳು, ಇನ್ನೂ ಇಪ್ಪತ್ತಮೂರರ ಆಸುಪಾಸು. ಮಡಿಕೇರಿ ಗದ್ದಿಗೆಯಲ್ಲಿ ಅವಳ ಅಜ್ಜ ಲಿಂಗರಾಜೇಂದ್ರ, ಇಲ್ಲಿ ಈ ಹುಡುಗಿ.

ಆ ಸ್ಮಶಾನದಲ್ಲಿ ಬೇಸಿಗೆಯ ಕೊನೆಗೆ ಕಪ್ಪು ಮುಳ್ಳುಹಣ್ಣು ಬಿಡುತ್ತದೆ. ನಮ್ಮ ಬೇಲಿಯ ಗೌರಿಹಣ್ಣಿನ ನೆಂಟ ಅನ್ನಬಹುದು. ಆದರೆ ಕೊಯ್ಯುವಂತಿಲ್ಲ. ಜಾಗ ನೋಡಿಕೊಳ್ಳುವ ರಾಯಲ್ ಪಾರ್ಕ್ಸ್ ಹಣ್ಣು, ಅಣಬೆ ಆರಿಸುವುದನ್ನು ನಿಷೇಧಿಸಿದೆ. ಹಕ್ಕಿಗಳಿಗೆ, ಹುಳಗಳಿಗೆ ಬಿಡಬೇಕು ಅಂತ. ಹಳೇ ಐನ್‌ಮನೆ ಅಜ್ಜ ಹೇಳಿದ ಮಾವಿನ ಮರದ ನಿಯಮವೇ ಇಲ್ಲೂ ಇದೆ ನೋಡಿ.

ಹೊಸ ಅಕ್ಕಿಯ ಹಬ್ಬ ಪುತ್ತರಿ ಸಮಯದಲ್ಲಿ ಗೌರಮ್ಮನ ಸಮಾಧಿಗೆ ಹೋಗಿದ್ದೆ. ಏನು ಇಡಬೇಕು ಅಂತ ಗೊತ್ತಾಗಲಿಲ್ಲ. ಲಿಂಗಾಯತ ಮನೆಯಲ್ಲಿ ಹುಟ್ಟಿ ಕ್ರೈಸ್ತಳಾಗಿ ಸತ್ತವಳು. ಕೊನೆಗೆ ಬರೀ ಹೂವು ಇಟ್ಟು, ಕೊಡಗಿನಲ್ಲಿ ಹೊಸ ಅಕ್ಕಿ ಮನೆಗೆ ಬಂತು ಅಂತ ಹೇಳಿ ಬಂದೆ.

---

ಕಾಫಿ ತೋಟದವ

ಎಲ್ಲ ಓದಿದೆ. ಮೇಷ್ಟ್ರು ಹೇಳಿದ ಮಣ್ಣಿನ ಮಾತು, ಆ ತಂಗಿ ಹೇಳಿದ ದಾರಿಯ ಮಾತು ಎರಡೂ ಮನಸ್ಸಿಗೆ ಹತ್ತಿದವು. ನಮ್ಮ ಒಕ್ಕದಲ್ಲಿ ಔಷಧಿ ಮಾತು ಇನ್ನು ಇಲ್ಲ. ಹುಲ್ಲು ಕತ್ತರಿಸುವ ಮೆಷಿನ್ ನನ್ನ ಹತ್ತಿರ ಎರಡಿವೆ. ಶವ ತರುವ ದಾರಿ, ಸುಡುವ ಜಾಗ ಇಷ್ಟನ್ನು ಮೆಷಿನ್‌ನಲ್ಲಿ ಮಾಡುತ್ತೇವೆ. ಮಕ್ಕಳನ್ನು ಹೂತಿರುವ ಕಡೆ ಮೆಷಿನ್ ಬೇಡ, ಕೈಯಲ್ಲೇ. ಬೇಲಿ ಸಾಲು, ತೋಡಿನ ಅಂಚು ಹಾಗೇ ಬಿಡುತ್ತೇವೆ. ನಾಪೋಕ್ಲು ಅಕ್ಕ, ನಿಮ್ಮಲ್ಲಿಗೂ ಬೇಕಿದ್ದರೆ ಮೆಷಿನ್ ತರುತ್ತೇನೆ, ಪೆಟ್ರೋಲ್ ನಿಮ್ಮದು. ಲಂಟಾನ ಮಾತ್ರ ಬೇರು ಸಮೇತ ಕಿತ್ತರೆ ಒಳ್ಳೆಯದಾ ಮೇಷ್ಟ್ರೇ? ಇಳಿಜಾರಿನಲ್ಲಿ ಮಣ್ಣು ಸಡಿಲ ಆಗುವುದಿಲ್ವಾ?

---

ಸಸ್ಯಶಾಸ್ತ್ರ ಮೇಷ್ಟ್ರು, ಗೋಣಿಕೊಪ್ಪ

ಜೋರು ಮಳೆಯಲ್ಲಿ ಕೀಳಬೇಡಿ. ಈಗ ಹೂ, ಕಾಯಿ ಆಗುವ ಮೊದಲು ಸೊಂಟದ ಮಟ್ಟಕ್ಕೆ ಕತ್ತರಿಸಿ ಬಿಡಿ. ಮಳೆ ಕಡಿಮೆಯಾದ ಮೇಲೆ, ತುಲಾ ಸಂಕ್ರಮಣ ಕಳೆದು, ಮಣ್ಣು ಇನ್ನೂ ಮೆತ್ತಗಿರುವಾಗ ಬುಡದ ಗೆಡ್ಡೆಯ ಕೆಳಗೆ ಕತ್ತರಿಸಿ ತೆಗೆಯಿರಿ. ಒಂದೇ ವರ್ಷ ಎಲ್ಲವನ್ನೂ ತೆಗೆಯಬೇಡಿ. ತೆಗೆದ ಜಾಗದಲ್ಲಿ ಮದ್ದು ಸೊಪ್ಪಿನ ಕಾಂಡ ನೆಡಿ, ನೆರಳಿದ್ದರೆ ಹಿಡಿಯುತ್ತದೆ.

---

ನಾಪೋಕ್ಲು ಕಡೆಯವಳು

ತಮ್ಮ, ಮೆಷಿನ್ ತಗೊಂಡು ಬಾ. ಪೆಟ್ರೋಲ್ ನಮ್ಮದು, ಊಟವೂ ನಮ್ಮದು. ಕೈಲ್ ಪೊಳ್ದ್ ಹಬ್ಬ ಮುಗಿದ ಮೇಲಿನ ಭಾನುವಾರ ಇಟ್ಟುಕೊಳ್ಳೋಣ ಅಂತ ಒಕ್ಕದವರು ಒಪ್ಪಿದ್ದಾರೆ. ವಿರಾಜಪೇಟೆಯವರ ಮಾತಿನಂತೆ ಮನೆಗೊಂದು ತುಂಡು ಹಂಚಿದ್ದೇವೆ. ಬರುವವರೆಲ್ಲ ಕತ್ತಿ, ಉದ್ದ ಬೂಟು, ಜಿಗಣೆಗೆ ಸುಣ್ಣ ಅಥವಾ ಉಪ್ಪು ತನ್ನಿ. ಮಧ್ಯಾಹ್ನಕ್ಕೆ ಕಡಂಬುಟ್ಟು, ಪಂದಿ ಕರಿ. ಮಾಂಸ ತಿನ್ನದವರಿಗೆ ಕೆಂಬು (ಕೆಸು) ಕರಿ, ಅಕ್ಕಿ ಒಟ್ಟಿ (ರೊಟ್ಟಿ). ಎಮ್ಮೆಮಾಡಿನ ತಮ್ಮನಿಗೆ ಬೇರೆ ಪಾತ್ರೆಯಲ್ಲಿ ಕೆಂಬು ಮಾಡಿಸುತ್ತೇನೆ, ದೊಡ್ಡ ಚೆಂಬು ಎರಡು ಸಿಗುತ್ತಾ ಅಂತ ಕೇಳಿ ಹೇಳಪ್ಪ.

---

ಎಮ್ಮೆಮಾಡು ಹುಡುಗ

ಚೆಂಬು ಸಿಗುತ್ತದೆ ಅಕ್ಕ, ಕೇಳಿದ್ದೇನೆ. ಸೌಟು, ಮುಚ್ಚಳ ಸೇರಿಸಿ ಶನಿವಾರ ಸಂಜೆ ಜೀಪಿನಲ್ಲಿ ತಂದು ಇಳಿಸುತ್ತೇನೆ. ಸೌದೆ ಒಣಗಿದ್ದು ಇದೆಯಾ, ಇಲ್ಲ ಅದನ್ನೂ ತರಬೇಕಾ?